ಮೂರು ಚಳಿಗಾಲ, ಇಪ್ಪತ್ತು ಜಾಡಿ: ಮೇಣದ ಕ್ರೂಡ್ ಸಾಗಿಸಿದ ನನ್ನ ಅನುಭವ

ನಮ್ಮ ಕ್ರೂಡಿನಲ್ಲಿ, ಅಂದರೆ ಬಾವಿಯ ಕಚ್ಚಾ ಎಣ್ಣೆಯಲ್ಲಿ, ಮೇಣ ಜಾಸ್ತಿ; ತಣಿದರೆ ಟ್ಯಾಂಕರಿನೊಳಗೇ ಗಟ್ಟಿಯಾಗುತ್ತದೆ. ಮೂರನೇ ಚಳಿಗಾಲದಲ್ಲಿ ನಮ್ಮ ಒಂದು ಟ್ಯಾಂಕರೂ ಗಟ್ಟಿಯಾಗಲಿಲ್ಲ. ಡಿಸೆಂಬರ್‌ನಿಂದ ಫೆಬ್ರವರಿ ಮುಗಿಯುವವರೆಗೆ ಹೆಚ್ಚುಕಡಿಮೆ 160 ಟ್ರಿಪ್. ಒಂದಕ್ಕೂ ಹಬೆ ಹಿಡಿಯಲಿಲ್ಲ, ಒಂದೂ ವಾಪಸ್ ಬರಲಿಲ್ಲ. "ಕಾಯಿಲ್ (ಒಳಗೆ ಹಬೆ ಹಾಯಿಸಿ ಕಾಯಿಸುವ ಕೊಳವೆ) ಇಲ್ಲದ ಟ್ಯಾಂಕರಿನಲ್ಲಿ ಈ ಕ್ರೂಡ್ ಹೋಗಲ್ಲ, ಬೇಕಾದರೆ ಬರೆದು ಕೊಡ್ತೀನಿ" ಅಂದಿದ್ದ ಟ್ರಾನ್ಸ್‌ಪೋರ್ಟರ್ ಈಗ ತಾನಾಗಿಯೇ ಫೋನ್ ಮಾಡಿ ಮಾತಾಡಿಸುತ್ತಾನೆ. ಹಾಗಾಗಿ ಸ್ವಲ್ಪ ಕೊಚ್ಚಿಕೊಂಡರೆ ತಪ್ಪಿಲ್ಲ ಅಂದುಕೊಂಡಿದ್ದೇನೆ.

ಪೋರ್ ಪಾಯಿಂಟ್ ಅಂದರೆ ಎಣ್ಣೆ ಇನ್ನೂ ಹರಿಯುವ ಅತಿ ಕಡಿಮೆ ಉಷ್ಣಾಂಶ, ಪಿಪಿಡಿ ಅಂದರೆ ಅದನ್ನು ಇಳಿಸುವ ರಾಸಾಯನಿಕ; ಈ ಕೆಲಸದಲ್ಲಿರುವವರಿಗೆ ಇದಕ್ಕಿಂತ ಹೇಳಬೇಕಾಗಿಲ್ಲ. ನೇರ ವಿಷಯಕ್ಕೆ ಬರುತ್ತೇನೆ. ಅಂಕಿಗಳೆಲ್ಲ ನೆನಪಿನಿಂದ ಬರೆಯುತ್ತಿದ್ದೇನೆ, ಐದು ಹತ್ತು ಆಚೀಚೆ ಇರಬಹುದು.

ಜಾಗ ಉತ್ತರ ಗುಜರಾತ್, ಕ್ಯಾಂಬೆ ಬೇಸಿನ್ ಅನ್ನುವ ಎಣ್ಣೆ ಸಿಗುವ ಪ್ರದೇಶ. 1958ರಲ್ಲಿ ಲುಣೇಜ್‌ನಲ್ಲಿ, 1960ರಲ್ಲಿ ಅಂಕಲೇಶ್ವರದಲ್ಲಿ ಎಣ್ಣೆ ಸಿಕ್ಕಾಗಿನಿಂದ ಈ ಬೇಸಿನ್ನಿನಲ್ಲಿ ಬಾವಿ ಕೊರೆಯುತ್ತಲೇ ಇದ್ದಾರೆ. ಕೊರೆದು, ಎಣ್ಣೆ ಕಂಡು, "ಸಣ್ಣದು, ಲಾಭ ಇಲ್ಲ" ಅಂತ ಮುಚ್ಚಿಟ್ಟ ಬಾವಿಗಳೂ ಬೇಕಾದಷ್ಟಿವೆ. ಅಂಥವನ್ನು ಸರ್ಕಾರ 2016ರಲ್ಲಿ ಸಣ್ಣ ಕ್ಷೇತ್ರಗಳ ಹೆಸರಿನಲ್ಲಿ ಹರಾಜಿಗಿಟ್ಟಿತು. 2017ರ ಮಾರ್ಚ್‌ನಲ್ಲಿ ಒಪ್ಪಂದಗಳಿಗೆ ಸಹಿ ಬಿತ್ತು. ಎಣ್ಣೆಯ ಮೇಲೆ ಸೆಸ್ ಇಲ್ಲ, ರಾಯಲ್ಟಿ ಜೊತೆಗೆ ಆದಾಯದಲ್ಲಿ ಪಾಲು ಕೊಟ್ಟರಾಯಿತು. ಕಾಗದದ ಮೇಲೆ ಚೆನ್ನಾಗಿಯೇ ಇತ್ತು. ಆದರೆ ಈ ಬಾವಿಗಳ ಹತ್ತಿರ ಪೈಪ್‌ಲೈನ್ ಇರಲಿಲ್ಲ. ಇದ್ದಿದ್ದರೆ ಹಳಬರು ಬಿಟ್ಟು ಹೋಗುತ್ತಲೂ ಇರಲಿಲ್ಲ.

ನಾನಿದ್ದ ಚಿಕ್ಕ ಕಂಪನಿಗೆ ಇಂಥದೊಂದು ಕ್ಷೇತ್ರ ಬಂತು. ಮೊದಲ ಬಾವಿ ದಿನಕ್ಕೆ 60 ಬ್ಯಾರೆಲ್ ಕೊಟ್ಟಿತು. ಒಂಬತ್ತೂವರೆ ಕಿಲೋಲೀಟರ್, ಎರಡು ದಿನಕ್ಕೊಂದು ಟ್ಯಾಂಕರ್. ಆರಾಮ. ಎರಡನೆಯದು ಸೇರಿ 130 ಆಯಿತು. ಮೂರನೆಯದು ಬಂದಾಗ 240 ಮುಟ್ಟಿತು. ಆಫೀಸಿನಲ್ಲಿ ಲಡ್ಡು ಹಂಚಿದರು. ನಾನು ಲಡ್ಡು ತಿನ್ನುತ್ತಲೇ ಲೆಕ್ಕ ಹಾಕುತ್ತಿದ್ದೆ. 38 ಕಿಲೋಲೀಟರ್, ದಿನಕ್ಕೆ ಎರಡು ಟ್ಯಾಂಕರ್. ಸೈಟಿನಲ್ಲಿ ಇದ್ದದ್ದು 45 ಕಿಲೋಲೀಟರಿನ ಎರಡು ಟ್ಯಾಂಕ್. ಅಂದರೆ ಎರಡು ದಿನ ಗಾಡಿ ಬರದಿದ್ದರೆ ಬಾವಿ ಮುಚ್ಚಬೇಕು. ಮೇಣದ ಬಾವಿ ಮುಚ್ಚಿದರೆ ಏನಾಗುತ್ತದೆ ಅಂತ ನಿಮಗೆ ಗೊತ್ತು. ಟ್ಯೂಬಿಂಗ್ (ಬಾವಿಯ ಕೊಳವೆ) ಒಳಗೇ ಮೇಣ ಕಟ್ಟಿಕೊಳ್ಳುತ್ತದೆ. ಅದನ್ನು ಕೆರೆಯುವ ಸ್ಕ್ರೇಪರ್, ಕರಗಿಸುವ ಹಾಟ್ ಆಯಿಲ್ ಎಲ್ಲ ಸೇರಿ ಒಂದೊಂದು ಸಲಕ್ಕೆ ಒಂದೂವರೆ ಲಕ್ಷ. ಎಣ್ಣೆ ಜಾಸ್ತಿಯಾದಷ್ಟೂ ನನಗೆ ನಿದ್ದೆ ಕಡಿಮೆಯಾಯಿತು.

ನಮ್ಮ ಕ್ರೂಡಿನ ಪೋರ್ ಪಾಯಿಂಟ್ 39 ಡಿಗ್ರಿ, ಕೆಲವು ಸಲ 42. ಮೇಣ ಕಾಣಿಸಿಕೊಳ್ಳಲು ಶುರುವಾಗುವುದು 58ರ ಆಸುಪಾಸು. ಇಳಿಸುವ ಟರ್ಮಿನಲ್ 140 ಕಿಲೋಮೀಟರ್ ದೂರ. ಜನವರಿ ರಾತ್ರಿ ಆ ಕಡೆ 9, 10 ಡಿಗ್ರಿ.

ಮೊದಲ ಚಳಿಗಾಲ, 2019ರ ಜನವರಿ. 70 ಡಿಗ್ರಿಯಲ್ಲಿ ತುಂಬಿಸಿ ಕಳಿಸಿದ ಗಾಡಿ ಐದು ಗಂಟೆಯಲ್ಲಿ ಟರ್ಮಿನಲ್ ಮುಟ್ಟಿತು. ಅಲ್ಲಿವರೆಗೆ ಏನೂ ತೊಂದರೆ ಇಲ್ಲ. ಆಮೇಲೆ ಕ್ಯೂನಲ್ಲಿ 22 ಗಂಟೆ ನಿಂತಿತು. ಬೆಳಗಿನ ಜಾವ ವಾಲ್ವ್ ತೆರೆದರೆ ಒಂದು ಹನಿ ಬೀಳಲಿಲ್ಲ. ಡ್ರೈವರ್ ಮೇಲೆ ಹತ್ತಿ ಮ್ಯಾನ್‌ಹೋಲ್ ತೆಗೆದು ಆಳ ಅಳೆಯುವ ಡಿಪ್ ರಾಡ್ ಬಿಟ್ಟ. ಅದು ಒಂದು ಮೊಳ ಇಳಿದು ನಿಂತಿತು. ಕೈ ಬಿಟ್ಟ. ರಾಡ್ ಹಾಗೇ ನೆಟ್ಟಗೆ ನಿಂತಿತ್ತು, ದೇವಸ್ಥಾನದ ಮುಂದಿನ ಧ್ವಜಕಂಬದ ಹಾಗೆ. ಒಳಗಿದ್ದದ್ದು ಐದೂವರೆ ಲಕ್ಷದ ಮಾಲು.

ಬಾಡಿಗೆ ಬಾಯ್ಲರ್ ತರಿಸಿ ನೇರವಾಗಿ ಎಣ್ಣೆಯೊಳಗೇ ಹಬೆ ಬಿಟ್ಟೆವು. ಕರಗಿತು. ಆದರೆ ಹಬೆ ಕೊನೆಗೆ ನೀರೇ ಅಲ್ವಾ? ಸ್ಯಾಂಪಲ್‌ನಲ್ಲಿ ನೀರು ಮಿತಿ ಮೀರಿತು. ಗಾಡಿ ವಾಪಸ್. 280 ಕಿಲೋಮೀಟರ್ ಡೀಸೆಲ್, ಗಾಡಿ ನಿಲ್ಲಿಸಿಕೊಂಡದ್ದಕ್ಕೆ ಮೂರು ದಿನದ ಡಿಟೆನ್ಷನ್, ಬಾಯ್ಲರ್ ಬಾಡಿಗೆ, ಮತ್ತೆ ನೀರು ಬೇರ್ಪಡಿಸುವ ಖರ್ಚು. ಒಂದೇ ಗಾಡಿಗೆ 40 ಸಾವಿರ ದಾಟಿತು. ಆ ಚಳಿಗಾಲದಲ್ಲಿ ಇಂಥವು ಏಳೋ ಎಂಟೋ ಆದವು.

ಇದಕ್ಕಿಂತ ಸದ್ದಿಲ್ಲದೆ ದುಡ್ಡು ತಿಂದದ್ದು ಟ್ಯಾಂಕರಿನ ತಳ. ಪ್ರತಿ ಟ್ರಿಪ್‌ನಲ್ಲೂ 600, 700 ಲೀಟರ್ ಗೋಡೆಗೂ ತಳಕ್ಕೂ ಅಂಟಿಕೊಂಡು ಹಾಗೇ ವಾಪಸ್ ಬರುತ್ತಿತ್ತು. ಮಾಲು ಎಲ್ಲೂ ಹೋಗಿಲ್ಲ, ಆದರೆ ಬಿಲ್ಲೂ ಆಗಿಲ್ಲ. ಬ್ಯಾರೆಲ್ಲಿಗೆ ನಾಲ್ಕೂವರೆ ಸಾವಿರ ಹಿಡಿದರೆ ಟ್ರಿಪ್ಪಿಗೆ ಸುಮಾರು 20 ಸಾವಿರ. ಅದು ಸುಮ್ನೆ ಗುಜರಾತಿನ ರಸ್ತೆ ಮೇಲೆ ಓಡಾಡುತ್ತಿತ್ತು.

ನಮ್ಮ ಬೇಸಿನ್ನಿನಲ್ಲಿ ಎಲ್ಲರೂ ಕೊಡುವ ಉದಾಹರಣೆ ರಾಜಸ್ಥಾನದ ಬಾರ್ಮೇರ್. ಮಂಗಳಾ ಕ್ಷೇತ್ರದಲ್ಲಿ 2009ರ ಆಗಸ್ಟ್‌ನಲ್ಲಿ ಉತ್ಪಾದನೆ ಶುರುವಾದಾಗ ಅವರ ಪೈಪ್‌ಲೈನ್ ಇನ್ನೂ ಸಿದ್ಧವಾಗಿರಲಿಲ್ಲ. ಅವರದ್ದೂ ಮೇಣದ ಕ್ರೂಡೇ. ಮೊದಲ ಕೆಲವು ತಿಂಗಳು ಟ್ಯಾಂಕರಿನಲ್ಲೇ ಗುಜರಾತಿನ ಕರಾವಳಿಗೆ ಸಾಗಿಸಿ, ಅಲ್ಲಿಂದ ಹಡಗಿನಲ್ಲಿ ನಮ್ಮ ಮಂಗಳೂರು ರಿಫೈನರಿಗೆ ಕಳಿಸಿದ್ದರು. ಆಮೇಲೆ 24 ಇಂಚಿನ ಪೈಪ್‌ಲೈನ್ ಬಂತು. ಉದ್ದಕ್ಕೂ ಕಾಯಿಸುತ್ತಾ ಹೋಗುವಂಥದ್ದು. ಇಂಥ ಕಾಯಿಸುವ ಲೈನ್‌ಗಳಲ್ಲಿ ಆಗ ಜಗತ್ತಿಗೇ ಉದ್ದವಾದದ್ದು, ಒಟ್ಟು 670 ಕಿಲೋಮೀಟರ್ ಆಸುಪಾಸು. ನಮ್ಮ ಎಂ.ಡಿ. ಕೂಡ ಒಮ್ಮೆ "ಅವರ ಹಾಗೆ ನಾವೂ ಏನಾದರೂ..." ಅಂದರು. ಸಾರ್, ಅವರಿಗೆ ದಿನಕ್ಕೆ ಲಕ್ಷ ಬ್ಯಾರೆಲ್ಲಿನ ಲೆಕ್ಕ, ನಮ್ಮದು 240 ಅಂದೆ. ಸುಮ್ಮನಾದರು.

ಟ್ರಾನ್ಸ್‌ಪೋರ್ಟರ್ ಹೇಳಿದ್ದು ಕಾಯಿಲ್ ಇರುವ ಗಾಡಿ. ಬಾಡಿಗೆ ಶೇಕಡ 35 ಜಾಸ್ತಿ, ಜೊತೆಗೆ ಟರ್ಮಿನಲ್‌ನಲ್ಲಿ ಹಬೆಗೆ ಬೇರೆ ದುಡ್ಡು. ನಾನು ಒಪ್ಪಲಿಲ್ಲ. ಬದಲಿಗೆ ಎರಡು ಗಾಡಿಗಳಿಗೆ ನಮ್ಮ ಖರ್ಚಿನಲ್ಲೇ ಇನ್ಸುಲೇಶನ್, ಅಂದರೆ ಬಿಸಿ ಆರದಂತೆ ಹೊದಿಕೆ, ಹಾಕಿಸಿದೆ. 2018ರ ಜುಲೈನಲ್ಲಿ ಮೂರು ಆಕ್ಸಲ್ ಗಾಡಿಯ ಒಟ್ಟು ತೂಕದ ಮಿತಿ 25 ಟನ್‌ನಿಂದ 28.5ಕ್ಕೆ ಏರಿತ್ತಲ್ಲ, ಆ ಹೆಚ್ಚುವರಿಯಲ್ಲಿ ಇನ್ಸುಲೇಶನ್ನಿನ ಉಣ್ಣೆ, ತಗಡು ಎಲ್ಲದರ ತೂಕ ಸೇರಿಹೋಯಿತು. ಎರಡಕ್ಕೂ ಸೇರಿ ಮೂರು ಲಕ್ಷದ ಹತ್ತಿರ. ಗಂಟೆಗೆ ಎರಡೂವರೆ ಡಿಗ್ರಿ ಇಳಿಯುತ್ತಿದ್ದದ್ದು ಒಂದಕ್ಕೆ ಬಂತು. ಒಳ್ಳೆಯದೇ. ಆದರೆ ಕ್ಯೂನಲ್ಲಿ 30 ಗಂಟೆ ನಿಂತರೆ ಇನ್ಸುಲೇಶನ್ ಏನು ಮಾಡೀತು? ಪಿಪಿಡಿ ಬೇಕೇ ಬೇಕು.

ನಡುವೆ ಒಂದು ಮೂರ್ಖತನ ಒಪ್ಪಿಕೊಂಡುಬಿಡುತ್ತೇನೆ. ಪೈಪಿಗೆ ಕಟ್ಟುವ ಮ್ಯಾಗ್ನೆಟ್ ಮಾರುವವನೊಬ್ಬ ಬಂದಿದ್ದ. ಮೇಣದ ಹರಳುಗಳ ದಿಕ್ಕನ್ನೇ ಬದಲಿಸುತ್ತದಂತೆ. ಚಾರ್ಟು, ಫೋಟೋ ಎಲ್ಲ ಇತ್ತು. 40 ಸಾವಿರ ಕೊಟ್ಟೆ. ಆ ಮ್ಯಾಗ್ನೆಟ್ ಈಗ ವರ್ಕ್‌ಶಾಪಿನಲ್ಲಿ ಬಿದ್ದ ನಟ್ಟು ಬೋಲ್ಟು ಹೆಕ್ಕುತ್ತದೆ. ಚೆನ್ನಾಗಿಯೇ ಹೆಕ್ಕುತ್ತದೆ. ಕಂಡೆನ್ಸೇಟ್ (ತೆಳುವಾದ, ಹಗುರ ಎಣ್ಣೆ) ಬೆರೆಸಿಯೂ ನೋಡಿದೆ. ಪೋರ್ ಪಾಯಿಂಟ್ ಇಳಿಯಿತು, ಜೊತೆಗೆ ಫ್ಲಾಶ್ ಪಾಯಿಂಟೂ (ಆವಿಗೆ ಬೆಂಕಿ ಹತ್ತಬಲ್ಲ ಉಷ್ಣಾಂಶ) 23ರ ಕೆಳಗಿಳಿದು ಮಾಲು ಬೇಗ ಹೊತ್ತಿಕೊಳ್ಳುವ ಎ ಕ್ಲಾಸ್ ಆಗುವ ಲಕ್ಷಣ ಕಂಡಿತು. ಲೈಸೆನ್ಸು, ಕಾಗದಪತ್ರ ಎಲ್ಲ ಮತ್ತೆ ಮೊದಲಿಂದ. ಅದನ್ನೂ ಬಿಟ್ಟೆ.

2019ರ ಮಳೆಗಾಲದಲ್ಲಿ ಸೆಕೆಂಡ್‌ಹ್ಯಾಂಡ್ ಫ್ರಿಜ್ ಒಂದನ್ನು 4 ಸಾವಿರಕ್ಕೆ ತಂದೆ. ಇಪ್ಪತ್ತು ಗಾಜಿನ ಜಾಡಿ, ನಾಲ್ಕು ಥರ್ಮಾಮೀಟರ್. ಮೂರು ಕಂಪನಿಗಳ ಪಿಪಿಡಿ ಸ್ಯಾಂಪಲ್. ಬಿಸಿ ಕ್ರೂಡಿಗೆ ಬೆರೆಸುವುದು, ತಣಿಸುವುದು, ಮೂರು ಡಿಗ್ರಿಗೊಮ್ಮೆ ಜಾಡಿ ಅಡ್ಡ ಹಿಡಿದು ಐದು ಎಣಿಸುವುದು. ಕದಲಿದರೆ ಮತ್ತೆ ಫ್ರಿಜ್ಜಿಗೆ. ಕದಲದಿದ್ದರೆ ಬರೆದುಕೊಳ್ಳುವುದು. ಅಡುಗೆಯವನು ಫ್ರಿಜ್‌ನಲ್ಲಿ ಹಾಲಿಡಲು ಜಾಗ ಇಲ್ಲ ಅಂತ ಜಗಳಕ್ಕೇ ಬಂದ. ಎರಡು ಪಿಪಿಡಿ ಕೆಲಸಕ್ಕೆ ಬರಲಿಲ್ಲ. ಮೂರನೆಯದು 600 ಪಿಪಿಎಂಗೆ (ಹತ್ತು ಲಕ್ಷ ಪಾಲಿಗೆ 600 ಪಾಲು) ಪೋರ್ ಪಾಯಿಂಟನ್ನು 39ರಿಂದ 24ಕ್ಕೆ ಇಳಿಸಿತು. ಒಂದು ಗಾಡಿಗೆ ಹತ್ತು ಕಿಲೋ, ಎರಡು ಸಾವಿರ ರೂಪಾಯಿ. ಕುಣಿದುಬಿಟ್ಟೆ.

ಡಿಸೆಂಬರ್ ಬಂತು. ಮೊದಲ ವಾರ ಎಲ್ಲ ಸರಾಗ. ಎರಡನೇ ವಾರ ಎರಡು ಗಾಡಿ ಗಟ್ಟಿ. ಜಾಡಿಯಲ್ಲಿ 24ಕ್ಕೂ ಹರಿಯುವ ಮಾಲು ಗಾಡಿಯಲ್ಲಿ 38ಕ್ಕೇ ಕೂತಿತ್ತು. ಟ್ರಾನ್ಸ್‌ಪೋರ್ಟರ್ ಏನೂ ಹೇಳಲಿಲ್ಲ, ನಕ್ಕ. ಆ ನಗುವಿಗೆ ಬೈಗುಳವೇ ಎಷ್ಟೋ ವಾಸಿ. ಆಫೀಸಿನಿಂದಲೂ ಫೋನ್ ಬಂತು, "ನಿಮ್ಮ ಜಾಡಿ ಪ್ರಯೋಗ ಸಾಕು, ಕಾಯಿಲ್ ಗಾಡಿಗೆ ಆರ್ಡರ್ ಕೊಡಿ" ಅಂತ. ಹದಿನೈದು ದಿನ ಟೈಮ್ ಕೇಳಿದೆ.

ನಾನೇ ಗಾಡಿಯಲ್ಲಿ ಕೂತು ಹೋದೆ. ರಾತ್ರಿಯಿಡೀ ಕ್ಯೂನಲ್ಲಿ ಕೂತಿದ್ದೆ. ಎರಡು ಗಂಟೆಗೆ ಅಲ್ಲಿನ ಹುಡುಗನೊಬ್ಬ ಹಬೆ ಹೋಸ್ ಎಳೆದುಕೊಂಡು ಬಂದ. ಕ್ಯೂನಲ್ಲಿರುವ ಎಲ್ಲ ಗಾಡಿಯ ಹೊಟ್ಟೆಗೂ ಹೊರಗಿನಿಂದ ಸ್ವಲ್ಪ ಸ್ವಲ್ಪ ಬಿಸಿ ಹಿಡಿಯುತ್ತಿದ್ದ. ನಮ್ಮದಕ್ಕೂ, ತಗಡಿಲ್ಲದ ವಾಲ್ವಿನ ಕಡೆಯಿಂದ. ಪಾಪ, ಒಳ್ಳೆಯ ಮನಸ್ಸಿನಿಂದಲೇ. "ಬೆಳಿಗ್ಗೆ ತೊಂದರೆ ಆಗದಿರಲಿ ಅಂತ" ಅಂದ. ಒಳಗಿನ ಥರ್ಮಾಮೀಟರ್ 37ರಿಂದ 47ಕ್ಕೆ ಹೋಯಿತು, ಬೆಳಗಿನ ಹೊತ್ತಿಗೆ ಮತ್ತೆ 38ಕ್ಕೆ ಇಳಿಯಿತು. ವಾಲ್ವ್ ತೆರೆದರೆ ಗಟ್ಟಿ.

ಅಸ್ಸಾಮಿನ ದುಲಿಯಾಜಾನ್ ಕಡೆ ಎಣ್ಣೆ ಕೆಲಸ ಮಾಡಿ ನಿವೃತ್ತರಾದ ಹಿರಿಯರೊಬ್ಬರು ನನಗೆ ಪರಿಚಯ. ಅಲ್ಲಿನ ನಹರಕಟಿಯಾದಿಂದ ಬಿಹಾರದ ಬರೌನಿಗೆ 1960ರ ದಶಕದಲ್ಲಿ 1,150 ಕಿಲೋಮೀಟರಿಗೂ ಉದ್ದದ ಲೈನ್ ಹಾಕಿದಾಗ ಅವರದ್ದೂ ಇದೇ ಗೋಳು. ಅಲ್ಲಿ ಕ್ರೂಡನ್ನು ಮೊದಲು ಚೆನ್ನಾಗಿ ಕಾಯಿಸಿ, ಲೆಕ್ಕ ಹಿಡಿದು ತಣಿಸಿ, ಆಮೇಲೆ ಲೈನಿಗೆ ಬಿಡುತ್ತಿದ್ದರು. ಫೋನ್ ಮಾಡಿ ನಡೆದದ್ದು ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ತಣಿದ ಮೇಲೆ ಅರೆಬಿಸಿ ಮಾಡಿದ್ದು ಯಾರು?"

ಅಷ್ಟು ಸಾಕಾಯಿತು. ಮರುದಿನವೇ ಜಾಡಿಯಲ್ಲಿ ಹಾಗೇ ಮಾಡಿ ನೋಡಿದೆ. ಪಿಪಿಡಿ ಹಾಕಿ 25ಕ್ಕೆ ತಣಿಸಿದ ಆರು ಜಾಡಿ. ಎರಡನ್ನು ಹಾಗೇ ಬಿಟ್ಟೆ. ಎರಡನ್ನು 47ಕ್ಕೆ ಬಿಸಿ ಮಾಡಿ ತಣಿಸಿದೆ. ಇನ್ನೆರಡನ್ನು 80ಕ್ಕೆ ಒಯ್ದು ತಣಿಸಿದೆ. ಹಾಗೇ ಬಿಟ್ಟದ್ದು 24. 80ಕ್ಕೆ ಹೋಗಿ ಬಂದದ್ದೂ 24, 25. 47ಕ್ಕೆ ಹೋದದ್ದು 39. ಪಿಪಿಡಿ ಹಾಕೇ ಇಲ್ಲ ಅನ್ನುವ ಹಾಗೆ! ಮನೆಯಲ್ಲಿ ತುಪ್ಪ ಅರೆಬರೆ ಕರಗಿಸಿ ಬಿಟ್ಟರೆ ಕರಗದೆ ಉಳಿದ ಕಾಳಿನ ಸುತ್ತಲೇ ಮತ್ತೆ ದಪ್ಪ ಹರಳು ಕಟ್ಟುತ್ತದಲ್ಲ, ಹಾಗೆ. ಅರೆಬಿಸಿಗೆ ಸ್ವಲ್ಪ ಮೇಣ ಮಾತ್ರ ಕರಗಿ, ಎರಡನೇ ಸಲ ಕಟ್ಟುವಾಗ ಪಿಪಿಡಿಯ ಮಾತು ಕೇಳುವುದಿಲ್ಲ. ಬಿಸಿ ಮಾಡಿದರೆ ಪೂರ್ತಿ ಮಾಡಬೇಕು. ಇಲ್ಲ ಮುಟ್ಟಲೇಬಾರದು.

ಆಮೇಲೆ ಮಾಡಿದ್ದೆಲ್ಲ ಸರಳ. ಸೈಟಿನ ಹೀಟರಿಗೆ ಬಾವಿಯ ಗ್ಯಾಸೇ ಉರುವಲು, ಅದರಲ್ಲಿ ಕ್ರೂಡನ್ನು 82ರವರೆಗೆ ಒಯ್ದು ಅರ್ಧ ಗಂಟೆ ಅಲ್ಲೇ ಹಿಡಿದೆ. ಮೊದಲು 70ಕ್ಕೇ ಬಿಡುತ್ತಿದ್ದೆವು. ಪಿಪಿಡಿಯನ್ನು ಹೀಟರಿನ ನಂತರದ ಲೈನಿಗೇ ಸಣ್ಣ ಪಂಪಿನಿಂದ ಕೊಟ್ಟೆ. ಟ್ಯಾಂಕಿನ ಮೇಲಿಂದ ಸುರಿಯುವುದನ್ನು ನಿಲ್ಲಿಸಿದೆ. ತಳ ಹೊತ್ತ ಗಾಡಿಗೆ ಹೊಸ ಮಾಲು ಹಾಕಲಿಲ್ಲ, ಮೊದಲು ಬಿಸಿ ಕ್ರೂಡಿನಿಂದ ತೊಳೆಸಿದೆ. ಹಳೆ ತಳದ ಹರಳು ಹೊಸ ಮಾಲನ್ನೂ ಕೆಡಿಸುತ್ತದೆ. ಇದು ಜಾಡಿ ತೊಳೆಯದೆ ಮಾಡಿದ ಒಂದು ಪ್ರಯೋಗದಲ್ಲಿ ಸಿಕ್ಕ ಪಾಠ. ಪಿಪಿಡಿ ಜೊತೆಗೆ ಇನ್ನೊಂದು ಡ್ರಮ್ಮಿನಿಂದಲೂ ಸ್ವಲ್ಪ ಹೋಗುತ್ತದೆ. ಅದು ಏನು, ಎಷ್ಟು ಅಂತ ಬರೆಯುವುದಿಲ್ಲ, ದಯವಿಟ್ಟು ಕೇಳಬೇಡಿ. ತುಂಬಿಸಿದ ಮೇಲೆ ಗಾಡಿಯನ್ನು ಎಷ್ಟು ಹೊತ್ತು ನಿಲ್ಲಿಸುತ್ತೇನೆ ಅನ್ನುವುದೂ ನನ್ನ ಹತ್ತಿರವೇ ಇರಲಿ.

ಕೊನೆಯದು ಬೋರ್ಡು. ಗಾಡಿಯ ಹಿಂದೆ ಗುಜರಾತಿಯಲ್ಲೂ ಹಿಂದಿಯಲ್ಲೂ ಕೆಂಪಕ್ಷರದಲ್ಲಿ "ಹಬೆ ಹಿಡಿಯಬೇಡಿ" ಅಂತ ಬರೆಸಿದೆ. ಕ್ಯೂನಲ್ಲಿ ನಮ್ಮ ಗಾಡಿಗೆ ಐಸ್‌ಕ್ರೀಂ ಗಾಡಿ ಅಂತ ಹೆಸರು ಬಿತ್ತು. 2020ರ ಜನವರಿ ಕೊನೆಯ ವಾರ, ಹೊರಗೆ 9 ಡಿಗ್ರಿ, ಕ್ಯೂ 34 ಗಂಟೆ. ಒಳಗೆ 36. ವಾಲ್ವ್ ತೆರೆದೆವು. ದೋಸೆ ಹಿಟ್ಟಿನ ಹದದಲ್ಲಿ ಬಂತು, ನಿಲ್ಲದೆ ಬಂತು. ತಳದಲ್ಲಿ ಉಳಿದದ್ದು 90 ಲೀಟರ್. ಹುಡುಗ ಹೋಸ್ ಹಿಡಿದುಕೊಂಡೇ ನೋಡುತ್ತಾ ನಿಂತಿದ್ದ.

ಆಮೇಲೆ ಮಾರ್ಚ್ ಕೊನೆಗೆ ಲಾಕ್‌ಡೌನ್. ಏಪ್ರಿಲ್ 20ರಂದು ಅಮೆರಿಕದಲ್ಲಿ ಬ್ಯಾರೆಲ್ ಬೆಲೆ ಸೊನ್ನೆಯಿಂದಲೂ ಕೆಳಗೆ, ಮೈನಸ್ 37 ಡಾಲರಿಗೆ ಹೋಯಿತು. ನಮಗೆ ಅಷ್ಟು ಕೆಟ್ಟಿರಲಿಲ್ಲ, ಆದರೂ ಗಾಡಿ ಬಾಡಿಗೆ ಕಳೆದರೆ ಕೈಗೆ ಬರುತ್ತಿದ್ದದ್ದು ಅಷ್ಟರಲ್ಲೇ. ಹೊರಗೆ 42 ಡಿಗ್ರಿ ಬಿಸಿಲು. ಮಾಲು ನೀರಿನ ಹಾಗೆ ಹರಿಯುತ್ತಿತ್ತು, ತಗೊಳ್ಳುವವರು ಇರಲಿಲ್ಲ.

ಮೂರನೇ ಚಳಿಗಾಲದ ಕಥೆ ಮೊದಲೇ ಹೇಳಿಬಿಟ್ಟೆ. ಟ್ರಾನ್ಸ್‌ಪೋರ್ಟರ್ ಈಗ ಬೇರೆ ಬಾವಿಗಳ ಮಾಲಿಗೂ ಇದೇ ರೀತಿ ಮಾಡಿಕೊಡಿ ಅನ್ನುತ್ತಾನೆ. 82 ಡಿಗ್ರಿಯ ಕಥೆ ಹೇಳಿದ್ದೇನೆ, ಎರಡನೇ ಡ್ರಮ್ಮಿನದ್ದು ಹೇಳಿಲ್ಲ. ಗಾಡಿ ಈಗ ಕೇಳಿದಷ್ಟು ಬರುತ್ತದೆ. ಆದರೆ ಮೂರೂ ಬಾವಿ ಸೇರಿ ದಿನಕ್ಕೆ 150 ಬ್ಯಾರೆಲ್ಲಿಗೆ ಇಳಿದಿವೆ, ಮೂರನೆಯದರಲ್ಲಿ ನೀರು ಏರುತ್ತಿದೆ. ನೀರು ಬೆರೆತ ಮಾಲಿನಲ್ಲಿ 600 ಪಿಪಿಎಂ ಸಾಲುತ್ತಿಲ್ಲ. ಜಾಡಿಗಳು ಮತ್ತೆ ಫ್ರಿಜ್ಜಿನಲ್ಲಿವೆ, ಅಡುಗೆಯವನು ಮತ್ತೆ ಮಾತು ಬಿಟ್ಟಿದ್ದಾನೆ.