ಖಾರ ಹಾಕುವ ಮೊದಲು ಒಂದು ಬಟ್ಟಲು

ನಮ್ಮ ಮನೆಯಲ್ಲಿ ಮಗಳಿಗೆ ಅಂತ ಬೇರೆ ಅಡುಗೆ ಮಾಡುವುದಿಲ್ಲ. ದೊಡ್ಡವರಿಗೆ ಏನು ಕುದಿಯುತ್ತದೋ ಅದರಲ್ಲೇ ಅವಳ ಪಾಲೂ ಇರುತ್ತದೆ. ಖಾರ, ಹುಳಿ, ಪೂರ್ತಿ ಉಪ್ಪು ಬೀಳುವ ಮೊದಲು ಒಂದು ಬಟ್ಟಲು ತೆಗೆದಿಡುತ್ತೇವೆ, ಅಷ್ಟೇ. ಈಗ ಅವಳಿಗೆ ಮೂರು ವರ್ಷ ದಾಟಿದೆ. ಜೋಳದ ರೊಟ್ಟಿ, ಪಲ್ಯ, ಬ್ಯಾಳಿ, ಮಜ್ಜಿಗೆ ಎಲ್ಲ ನಮ್ಮ ಜೊತೆ ಕೂತು ಉಣ್ಣುತ್ತಾಳೆ. ಇದು ಹೇಗೆ ಸಾಧ್ಯವಾಯಿತು ಅಂತ ಚಿಕ್ಕ ಮಕ್ಕಳಿರುವ ಗೆಳೆಯರು ಕೇಳುತ್ತಿರುತ್ತಾರೆ. ಅವರಿಗಾಗಿ ಬರೆಯುತ್ತಿದ್ದೇನೆ.

ನಾವಿರುವುದು ಗದಗಿನಲ್ಲಿ. ಹೆಂಡತಿಗೆ ಹುಬ್ಬಳ್ಳಿಯಲ್ಲಿ ಕೆಲಸ. ಸುಮಾರು 60 ಕಿಲೋಮೀಟರ್ ದಾರಿ, ಬೆಳಿಗ್ಗೆ ಬೇಗ ಹೊರಡಲೇಬೇಕು. ನನ್ನದು ಮುಳಗುಂದ ನಾಕಾ ಹತ್ತಿರ ಸಣ್ಣ ಝೆರಾಕ್ಸ್ ಅಂಗಡಿ, ಹತ್ತಕ್ಕೆ ಬಾಗಿಲು ತೆಗೆದರೆ ಸಾಕು. ಹಾಗಾಗಿ ಮುಂಜಾನೆ ಅಡುಗೆ ನನ್ನದು, ರಾತ್ರಿಯದು ಅವಳದು. ಅವ್ವ ನಮ್ಮ ಜೊತೆಗೇ ಇದ್ದಾಳೆ. ನನಗೆ ರೊಟ್ಟಿ ಬಡಿಯಲು ಕಲಿಸಿದವಳು ಅವಳೇ.

ಆರು ತಿಂಗಳ ತನಕ ಮಗುವಿಗೆ ತಾಯಿಯ ಹಾಲು ಬಿಟ್ಟು ಏನೂ ಕೊಡಲಿಲ್ಲ, ನೀರು ಕೂಡ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಇದನ್ನೇ. ಆರು ತಿಂಗಳಾದ ಮೇಲೆ ಊಟ ಶುರು ಮಾಡಬೇಕು, ಜೊತೆಗೆ ತಾಯಿಯ ಹಾಲನ್ನು ಎರಡು ವರ್ಷ ಅಥವಾ ಅದಕ್ಕೂ ಮುಂದಿನ ತನಕ ಮುಂದುವರಿಸಬೇಕು. ನಮ್ಮ ಕಡೆ ಕೂಸಿಗೆ ಜೇನು ನೆಕ್ಕಿಸುವ ರೂಢಿ ಇದೆ. ನಾವು ಒಂದು ವರ್ಷ ತುಂಬುವ ತನಕ ಅದನ್ನು ಮುಟ್ಟಿಸಲಿಲ್ಲ. ಜೇನಿನಲ್ಲಿ ಬೊಟುಲಿಸಂ ಅನ್ನುವ ಗಂಭೀರ ಕಾಯಿಲೆ ತರುವ ಸೂಕ್ಷ್ಮಾಣುಗಳ ಬೀಜಕಗಳು ಇರಬಹುದು. ದೊಡ್ಡವರ ಹೊಟ್ಟೆ ಅದನ್ನು ತಡೆಯುತ್ತದೆ, ಎಳೆಗೂಸಿನ ಹೊಟ್ಟೆ ತಡೆಯುವುದಿಲ್ಲ. ಮನೆಗೆ ಬಂದ ಹಿರಿಯರಿಗೆಲ್ಲ ಇದನ್ನು ಸಮಾಧಾನದಿಂದ ಹೇಳಿದೆವು. ಕೇಳಿದರು.

ಮೊದಲ ಊಟ ಜೋಳದ ಗಂಜಿ. ಬಿಳಿಜೋಳವನ್ನು ತೊಳೆದು, ನೆರಳಲ್ಲಿ ಒಣಗಿಸಿ, ಸಣ್ಣ ಉರಿಯಲ್ಲಿ ಘಮ್ ಅನ್ನುವ ಹಾಗೆ ಹುರಿದು, ಗಿರಣಿಯಲ್ಲಿ ಸಣ್ಣಗೆ ಬೀಸಿಸಿ, ತೆಳು ಅರಿವೆಯಲ್ಲಿ ಸೋಸಿಟ್ಟುಕೊಂಡಿದ್ದೆವು. ಎರಡು ದೊಡ್ಡ ಚಮಚ ಹಿಟ್ಟನ್ನು ಒಂದು ಲೋಟ ತಣ್ಣೀರಲ್ಲಿ ಗಂಟಿಲ್ಲದಂತೆ ಕದಡಿ, ಆಮೇಲೆ ಒಲೆಗಿಟ್ಟು ಕೈ ಆಡಿಸುತ್ತಲೇ ಕುದಿಸುವುದು. ಚಮಚ ಓರೆ ಮಾಡಿದರೆ ಸುರಿದು ಹೋಗದಷ್ಟು ಗಟ್ಟಿಯಾಗಬೇಕು. ಇದು ಮುಖ್ಯ. ಮಗುವಿನ ಹೊಟ್ಟೆ ಸಣ್ಣದು. ನೀರು ನೀರಾದ ಗಂಜಿ ಹೊಟ್ಟೆ ತುಂಬಿಸುತ್ತದೆ, ಶಕ್ತಿ ಕೊಡುವುದಿಲ್ಲ. ಮೇಲೆ ಅರ್ಧ ಚಮಚ ತುಪ್ಪ ಹಾಕುತ್ತಿದ್ದೆವು.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ರಾಗಿಯನ್ನು ಮೊಳಕೆ ಕಟ್ಟಿ ಮಕ್ಕಳಿಗೆ ಕೊಡುತ್ತಾರೆ, ಒಳ್ಳೆಯದೇ. ಅದನ್ನು ನೋಡಿ ಜೋಳವನ್ನೂ ಹಾಗೆ ಮೊಳಕೆ ಕಟ್ಟಲು ಹೋಗಬೇಡಿ. ಜೋಳದ ಎಳೆ ಮೊಳಕೆಯಲ್ಲಿ ಸೈನೈಡ್ ವಿಷ ಹುಟ್ಟಿಸುವ ಅಂಶವಿದೆ. ಎಳೆ ಜೋಳದ ಪೈರು ಮೇಯ್ದ ದನ ಸಾಯುವುದು ನಮ್ಮ ರೈತರಿಗೆಲ್ಲ ಗೊತ್ತು, ಅದಕ್ಕೇ ಅವರು ಆ ಹೊಲಕ್ಕೆ ದನ ಬಿಡುವುದಿಲ್ಲ. ಬಲಿತ ಕಾಳಿಗೆ ಆ ಭಯವಿಲ್ಲ. ಹುರಿದು ಬೀಸಿದ ಹಿಟ್ಟು ಧೈರ್ಯವಾಗಿ ಕೊಡಬಹುದು.

ಏಳೆಂಟು ತಿಂಗಳಿಗೆ ನುಚ್ಚು ಬಂತು. ಜೋಳದ ನುಚ್ಚನ್ನು ಹೆಸರು ಬ್ಯಾಳಿ ಜೊತೆ ಮೆತ್ತಗೆ ಬೇಯಿಸಿ, ಬೆರಳಲ್ಲಿ ಕಿವುಚಿ ಕೊಡುವುದು. ಬ್ಯಾಳಿ ಸೇರಿಸುವುದಕ್ಕೆ ಕಾರಣವಿದೆ. ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನ್ ಇದೆ, ಆದರೆ ಲೈಸಿನ್ ಅನ್ನುವ ಅಂಶ ಕಡಿಮೆ. ಬ್ಯಾಳಿಯಲ್ಲಿ ಅದು ಧಾರಾಳವಾಗಿದೆ. ರೊಟ್ಟಿ ಜೊತೆ ಕಾಳುಪಲ್ಯ ಉಣ್ಣುವ ನಮ್ಮ ಹಿರಿಯರ ಊಟದಲ್ಲಿ ಈ ಜೋಡಿ ಮೊದಲಿಂದಲೂ ಇದೆ. ಮಿಕ್ಸಿಗೆ ಹಾಕುವುದನ್ನು ಬೇಗ ನಿಲ್ಲಿಸಿದೆವು. ಹಲ್ಲು ಬರದಿದ್ದರೂ ಮಕ್ಕಳು ವಸಡಿನಲ್ಲಿ ಅಗಿಯಲು ಕಲಿಯುತ್ತಾರೆ. ನುಣ್ಣಗೆ ಅರೆದದ್ದನ್ನೇ ವರ್ಷಗಟ್ಟಲೆ ಕೊಟ್ಟರೆ ಆಮೇಲೆ ಗಟ್ಟಿ ತುತ್ತು ಬಾಯಲ್ಲಿಟ್ಟುಕೊಂಡು ಕೂರುತ್ತಾರೆ.

ಇನ್ನು ಬಟ್ಟಲಿನ ವಿಷಯ. ಇದಕ್ಕಾಗಿ ನಾನು ಅಡುಗೆಯ ಕ್ರಮವನ್ನೇ ಸ್ವಲ್ಪ ಬದಲಿಸಿಕೊಂಡೆ. ನಮ್ಮ ಕಡೆ ಒಗ್ಗರಣೆಯಲ್ಲೇ ಖಾರದ ಪುಡಿ ಅಥವಾ ಹಸಿಮೆಣಸಿನಕಾಯಿ ಹಾಕಿ ಶುರು ಮಾಡುತ್ತಾರೆ. ನಾನು ಮೊದಲು ಜೀರಿಗೆ, ಬಳ್ಳೊಳ್ಳಿ, ಉಳ್ಳಾಗಡ್ಡಿ, ಅರಿಶಿನ ಹಾಕಿ ಪಲ್ಯ ಬೇಯಿಸುತ್ತೇನೆ. ಬೆಂದ ಮೇಲೆ ಅವಳ ಬಟ್ಟಲು ತೆಗೆಯುತ್ತೇನೆ. ಆಮೇಲೆ ಪಕ್ಕದ ಒಲೆಯ ಮೇಲೆ ಸಣ್ಣ ಸೌಟಿನಲ್ಲಿ ಎಣ್ಣೆ ಕಾಯಿಸಿ, ಖಾರ ಹಾಕಿ, ನಮ್ಮ ಪಾಲಿನ ಮೇಲೆ ಸುರಿಯುತ್ತೇನೆ. ರುಚಿಗೆ ಏನೂ ಕಡಿಮೆ ಆಗುವುದಿಲ್ಲ. ಬಿಸಿ ಎಣ್ಣೆಯಲ್ಲಿ ಅರಳಿದ ಖಾರ ಮೇಲೆ ಬಿದ್ದರೆ ಘಮ ಇನ್ನೂ ಜಾಸ್ತಿ. ಒಂದು ವರ್ಷದ ತನಕ ಅವಳ ಪಾಲಿಗೆ ಉಪ್ಪು, ಸಕ್ಕರೆ, ಬೆಲ್ಲ ಹಾಕಲೇ ಇಲ್ಲ.

ಬ್ಯಾಳಿ ಸುಲಭ. ಕುಕ್ಕರಿನಿಂದ ಇಳಿಸಿದ ಕೂಡಲೇ ತೆಗೆದರಾಯಿತು. ಮೆಂತ್ಯೆ ಪಲ್ಯ, ರಾಜಗಿರಿ, ಕಿರಕಸಾಲಿ ಸೊಪ್ಪನ್ನು ಹೆಸರು ಬ್ಯಾಳಿ ಜೊತೆ ಬೇಯಿಸಿ ತೆಗೆದು, ಮೇಲೆ ಎರಡು ಹನಿ ನಿಂಬೆರಸ ಹಿಂಡುತ್ತೇವೆ. ಸೊಪ್ಪಿನಲ್ಲಿರುವ ಕಬ್ಬಿಣ ಮೈಗೆ ಹತ್ತುವುದಕ್ಕೆ ಆ ನಿಂಬೆಯ ವಿಟಮಿನ್ ಸಿ ನೆರವಾಗುತ್ತದೆ. ಚಹಾ ಇದಕ್ಕೆ ಉಲ್ಟಾ, ಕಬ್ಬಿಣವನ್ನು ಹಿಡಿದಿಡುತ್ತದೆ. ಚಿಕ್ಕ ಮಕ್ಕಳಿಗೆ ಬಶಿಯಲ್ಲಿ ಚಹಾ ಕೊಡುವುದನ್ನು ಇನ್ನೂ ಬಹಳ ಮನೆಗಳಲ್ಲಿ ನೋಡುತ್ತೇನೆ. ದಯವಿಟ್ಟು ಬೇಡ.

ಕಷ್ಟದ್ದು ಅಂದರೆ ಎಣ್ಣೆಗಾಯಿ ಬದನೆಕಾಯಿ. ಶೇಂಗಾ, ಗುರೆಳ್ಳು, ಒಣಕೊಬ್ಬರಿ, ಬಳ್ಳೊಳ್ಳಿ ಎಲ್ಲ ಕುಟ್ಟಿದ ಮಸಾಲೆಯನ್ನು ಒಳಗೆ ತುಂಬುತ್ತೇವಲ್ಲ, ಅದರಿಂದ ಖಾರ ಬಿಡಿಸಿ ತೆಗೆಯಲು ಆಗುವುದಿಲ್ಲ. ಇದಕ್ಕೆ ನನ್ನ ಹೆಂಡತಿ ಒಂದು ಉಪಾಯ ಕಂಡುಹಿಡಿದಳು. ಮಸಾಲೆ ಕುಟ್ಟುವಾಗ ಖಾರ ಹಾಕುವ ಮೊದಲೇ ಒಂದು ಹಿಡಿ ತೆಗೆದಿಡುವುದು. ಅದನ್ನು ಎರಡು ಎಳೆ ಬದನೆಕಾಯಿಗೆ ತುಂಬಿ, ಆ ಎರಡರ ತೊಟ್ಟು ಪೂರ್ತಿ ಕತ್ತರಿಸುವುದು. ತೊಟ್ಟಿಲ್ಲದವು ಮಗಳವು. ಮೊದಲು ಅವೆರಡನ್ನೇ ಬಾಣಲೆಯಲ್ಲಿ ಎಣ್ಣೆ, ಸ್ವಲ್ಪ ನೀರು ಹಾಕಿ ಮುಚ್ಚಿಟ್ಟು ಬೇಯಿಸಿ ತೆಗೆದು, ಅದೇ ಬಾಣಲೆಯಲ್ಲಿ ನಮ್ಮವನ್ನು ಹಾಕುವುದು. ಈಗ ಅವಳೇ ಬುಟ್ಟಿಯಿಂದ ತನ್ನ ಬದನೆಕಾಯಿ ಆರಿಸಿ ತಂದು ಕೊಡುತ್ತಾಳೆ. ತಾನೇ ಆರಿಸಿದ್ದನ್ನು ಬಿಡದೆ ತಿನ್ನುತ್ತಾಳೆ.

ಶೇಂಗಾ ಬಗ್ಗೆ ಒಂದು ಮಾತು. ಇಡೀ ಶೇಂಗಾ, ಪುಟಾಣಿಯನ್ನು (ಹುರಿಗಡಲೆ) ಐದು ವರ್ಷದ ತನಕ ಮಕ್ಕಳ ಕೈಗೆ ಕೊಡಬಾರದು. ಗಂಟಲಲ್ಲಿ, ಉಸಿರಿನ ದಾರಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಪುಡಿ ಮಾಡಿದರೆ ಚಿಂತೆ ಇಲ್ಲ. ನಮ್ಮ ಮನೆಯಲ್ಲಿ ಶೇಂಗಾ ಹಿಂಡಿಯ ಡಬ್ಬಿ ಎರಡು. ಒಂದು ನಮ್ಮದು, ಕೆಂಪಗೆ ಖಾರದ್ದು. ಇನ್ನೊಂದು ಅವಳದು. ಶೇಂಗಾ ಹುರಿದು ಸಿಪ್ಪೆ ತೆಗೆದು, ಬಳ್ಳೊಳ್ಳಿ, ಜೀರಿಗೆ, ಚಿಟಿಕೆ ಉಪ್ಪು, ಸಣ್ಣ ಚೂರು ಬೆಲ್ಲ ಹಾಕಿ ಕುಟ್ಟಿದ್ದು. ಮಿಕ್ಸಿಯಲ್ಲಿ ಹಾಕಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಒರಳಲ್ಲಿ ಕುಟ್ಟಿದರೆ ಉದುರಾಗಿ, ಸ್ವಲ್ಪ ತರಿಯಾಗಿ ಬರುತ್ತದೆ.

ಎರಡು ವರ್ಷ ದಾಟಿದ ಮೇಲೆ ಅವಳ ಕಣ್ಣು ನಮ್ಮ ತಾಟಿನ ಮೇಲೆ ಬಿತ್ತು. ನಮ್ಮ ಪಲ್ಯ ಕೆಂಪಗೆ, ತನ್ನದು ಹಳದಿ. "ನನಗೂ ಕೆಂಪಂದು ಬೇಕು" ಅಂತ ಹಟ ಹಿಡಿದಳು. ಆಗ ಕೈ ಹಿಡಿದದ್ದು ಬ್ಯಾಡಗಿ ಮೆಣಸಿನಕಾಯಿ. ನಮ್ಮ ಪಕ್ಕದ ಹಾವೇರಿ ಜಿಲ್ಲೆಯ ಈ ಮೆಣಸಿನಕಾಯಿಗೆ 2011ರಲ್ಲಿ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಬಣ್ಣ ಭಾರಿ, ಖಾರ ಕಡಿಮೆ. ಅದರಲ್ಲೂ ಡಬ್ಬಿ ತಳಿ ದಪ್ಪಗೆ, ಸುಕ್ಕುಸುಕ್ಕಾಗಿರುತ್ತದೆ, ಖಾರ ಇನ್ನೂ ಕಡಿಮೆ. ಒಂದು ಕಾಯಿಯನ್ನು ಸೀಳಿ ಬೀಜ, ಒಳಗಿನ ಬಿಳಿ ನಾರು ಪೂರ್ತಿ ತೆಗೆಯುತ್ತೇನೆ. ಖಾರ ಹೆಚ್ಚಾಗಿ ಇರುವುದು ಆ ನಾರಿನಲ್ಲೇ. ಆಮೇಲೆ ಬಿಸಿನೀರಲ್ಲಿ ನೆನೆಹಾಕಿ ಅರೆದು, ಚಮಚದ ತುದಿಯಷ್ಟು ಅವಳ ಬ್ಯಾಳಿಗೆ ಬೆರೆಸಿದೆ. ಬಣ್ಣ ಬಂತು. "ಅಪ್ಪಾ, ನಂದೂ ಕೆಂಪ ಐತಿ ನೋಡು" ಅಂತ ಮನೆ ತುಂಬ ತೋರಿಸಿಕೊಂಡು ಬಂದಳು. ಅಲ್ಲಿಂದ ಖಾರ ನಿಧಾನವಾಗಿ, ಅವಳು ಕೇಳಿದಷ್ಟೇ ಏರುತ್ತಿದೆ.

ರೊಟ್ಟಿಗೆ ಬರೋಣ. ಜೋಳದ ಹಿಟ್ಟಿನಲ್ಲಿ ಗೋದಿಯ ಹಾಗೆ ಗ್ಲುಟೆನ್ ಅನ್ನುವ ಅಂಟಿನ ಪ್ರೋಟೀನ್ ಇಲ್ಲ. ತಣ್ಣೀರಲ್ಲಿ ಕಲಸಿದರೆ ಒಡೆದು ಹೋಗುತ್ತದೆ. ಕುದಿಯುವ ಎಸರು ಬಿದ್ದಾಗ ಹಿಟ್ಟಿನ ಪಿಷ್ಟ ಅರೆಬೆಂದು ಜಿಗಿ ಬರುತ್ತದೆ. ಗ್ರೇನ್ ಮಾರ್ಕೆಟ್ಟಿನಿಂದ ಜೋಳ ತಂದು, ಸ್ವಲ್ಪ ಸ್ವಲ್ಪವೇ ಗಿರಣಿಗೆ ಹಾಕಿಸುತ್ತೇನೆ. ಹಿಟ್ಟು ಹಳೆಯದಾದರೆ ಜಿಗಿ ಹೋಗುತ್ತದೆ, ಕಹಿಯೂ ಬರುತ್ತದೆ. ಒಂದು ಬಟ್ಟಲು ಹಿಟ್ಟಿಗೆ ಹೆಚ್ಚುಕಡಿಮೆ ಒಂದು ಬಟ್ಟಲು ಎಸರು. ಹಿಟ್ಟಿನ ನಡುವೆ ಗುಂಡಿ ಮಾಡಿ ಸುರಿದು, ಚಮಚದಲ್ಲಿ ಕಲಸಿ, ಕೈ ತಾಳುವಷ್ಟು ಆರಿದ ಮೇಲೆ ಅಂಗೈಯ ಬುಡದಿಂದ ಚೆನ್ನಾಗಿ ನಾದಬೇಕು. ಇಲ್ಲಿ ಅವಸರ ಮಾಡಿದರೆ ಅಂಚು ಸೀಳುತ್ತದೆ. ಬಡಿದು ಹಂಚಿಗೆ ಹಾಕಿ, ಮೇಲೆ ಒದ್ದೆ ಅರಿವೆಯಿಂದ ನೀರು ಸವರಿ, ನೀರು ಆರುತ್ತಿದ್ದಂತೆ ತಿರುವಿ ಹಾಕುವುದು.

ಮಗಳಿಗೆ ಅಂಗೈಯಗಲದ ದಪ್ಪ ರೊಟ್ಟಿ ಬೇರೆ ಬಡಿಯುತ್ತೇನೆ. ಉಬ್ಬಿದ ಕೂಡಲೇ ಮೇಲಿನ ಪದರ ಬಿಡಿಸಿ, ಒಳಗಿನ ಮೆತ್ತನೆಯ ಭಾಗಕ್ಕೆ ತುಪ್ಪ ಸವರಿ ಕೊಟ್ಟರೆ ಅವಳ ಹಲ್ಲಿಗೆ ಹಗುರ. ಒಂದು ವರ್ಷದವಳಿದ್ದಾಗ ಇದನ್ನೇ ಬ್ಯಾಳಿಯಲ್ಲಿ ಮುರಿದು ನೆನೆಹಾಕಿ ಕೊಡುತ್ತಿದ್ದೆವು.

ರೊಟ್ಟಿ ಬಡಿಯುವಾಗ ಅವಳೂ ಎದುರಿಗೆ ಕೂರಬೇಕು. ಸಣ್ಣ ಹಿಟ್ಟಿನ ಉಂಡಿ, ಮಗುಚಿಟ್ಟ ಒಂದು ತಾಟು ಅವಳ ಪಾಲು. ಬಡಿದದ್ದು ಯಾವ ಆಕಾರವಾದರೂ ಹಂಚಿಗೆ ಹಾಕಿ ಬೇಯಿಸಿ ಕೊಡುತ್ತೇನೆ. ಎಸರು ಸುರಿಯುವಾಗ ಮಾತ್ರ ಅವಳು ಅಡುಗೆಮನೆಯಲ್ಲಿ ಇರಬಾರದು. ಈ ನಿಯಮಕ್ಕೆ ವಿನಾಯಿತಿ ಇಲ್ಲ. ಚಿಕ್ಕ ಮಕ್ಕಳು ಮನೆಯಲ್ಲಿ ಸುಟ್ಟುಕೊಳ್ಳುವುದು ಹೆಚ್ಚಾಗಿ ಬಿಸಿನೀರು, ಬಿಸಿಸಾರಿನಿಂದಲೇ. ಅವ್ವ ಅವಳನ್ನು ಹಿತ್ತಲಿಗೆ ಕರೆದುಕೊಂಡು ಹೋಗುತ್ತಾಳೆ. ನಾದುವುದು ಶುರುವಾದ ಮೇಲೆ ಒಳಗೆ ಬರುತ್ತಾರೆ. ಪಾತ್ರೆಯ ಹಿಡಿಕೆ ಯಾವಾಗಲೂ ಗೋಡೆಯ ಕಡೆ.

ಉಣಿಸುವ ವಿಷಯದಲ್ಲಿ ನನಗೂ ಅವ್ವನಿಗೂ ಸ್ವಲ್ಪ ಮಾತು ನಡೆದಿತ್ತು. ತಾಟು ಹಿಡಿದು ಹಿಂದೆ ಹಿಂದೆ ಓಡಾಡಿ ಉಣಿಸುವುದು ಅವ್ವನ ರೂಢಿ.

"ಕೂಸು ಹಸದೈತಿ, ಎರಡ ತುತ್ತರ ಹಾಕ್ತೀನಿ ತಡಿ."

"ಹಸದ್ರ ತಾನ ಕೇಳ್ತಾಳ ಯವ್ವಾ, ಬಿಡು. ಒತ್ತಾಯ ಮಾಡಿದ್ರ ಊಟ ಅಂದ್ರನ ಓಡಿ ಹೋಗ್ತಾಳ."

ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಮುಂಜಾನೆ, ಮಧ್ಯಾಹ್ನ ಅವಳೇ ಕೈಯಿಂದ ಉಣ್ಣುವುದು. ರಾತ್ರಿ ಆಯಿಯ (ಅಂದರೆ ನಮ್ಮ ಅವ್ವನ) ತೊಡೆ ಮೇಲೆ ಕೂತು ಕಥೆ ಕೇಳುತ್ತಾ ಆಯಿಯ ಕೈತುತ್ತು. ಯಾವ ಊಟಕ್ಕೂ ಮೊಬೈಲ್ ಇಲ್ಲ. ಏನು ಬಡಿಸಬೇಕು ಅನ್ನುವುದು ನಮ್ಮ ಕೈಯಲ್ಲಿ, ಎಷ್ಟು ತಿನ್ನಬೇಕು ಅನ್ನುವುದು ಅವಳ ಕೈಯಲ್ಲಿ. ಅವ್ವನ ಕೈತುತ್ತನ್ನು ನಿಲ್ಲಿಸದೆ ಇದ್ದದ್ದು ಒಳ್ಳೆಯದಾಯಿತು ಅಂತ ನನಗೆ ಅನಿಸುತ್ತದೆ. ಅವರಿಬ್ಬರಿಗೂ ಅದು ಬೇಕು.

ಎರಡು ವರ್ಷದ ಹೊತ್ತಿಗೆ ಮಕ್ಕಳು ಹೊಸ ಊಟವನ್ನು ದೂರ ತಳ್ಳುವುದು ಸಹಜ. ಒಂದು ಪದಾರ್ಥವನ್ನು ಹತ್ತು ಹದಿನೈದು ಸಲ ತಾಟಿನಲ್ಲಿ ನೋಡಿದ ಮೇಲೆ ಒಪ್ಪಿಕೊಳ್ಳುವ ಮಕ್ಕಳು ಬಹಳ. ಹಾಗಾಗಿ ಹಕ್ಕರಿಕಿ ಸೊಪ್ಪಿನ ಎರಡು ಎಲೆ, ಸವತಿಕಾಯಿ ಹೋಳು, ತೆಳ್ಳಗೆ ತುರಿದ ಗಜ್ಜರಿ ಮೂಲಂಗಿ ದಿನಾ ಸುಮ್ನೆ ತಾಟಿನ ಮೂಲೆಯಲ್ಲಿ ಇಡುತ್ತೇನೆ. ತಿನ್ನು ಅನ್ನುವುದಿಲ್ಲ. ಹಕ್ಕರಿಕಿ ತಿನ್ನಲು ಶುರು ಮಾಡಿದ್ದಾಳೆ. ಹಾಗಲಕಾಯಿ ಇನ್ನೂ ತಾಟಿನ ಹೊರಗೇ ಹೋಗುತ್ತದೆ, ಅದನ್ನೂ ಇಡುತ್ತಲೇ ಇದ್ದೇನೆ.

ಈಗ ಅವಳ ಡಬ್ಬಿಗೆ ಹೆಚ್ಚಾಗಿ ಮುಟಗಿ ಕಟ್ಟುತ್ತೇನೆ. ದಪ್ಪ ರೊಟ್ಟಿಯನ್ನು ಹಂಚಿನಿಂದ ತೆಗೆದು ಬಿಸಿ ಇರುವಾಗಲೇ ಒರಳಲ್ಲಿ ಹಾಕಿ, ಬಳ್ಳೊಳ್ಳಿ, ಜೀರಿಗೆ, ಚೂರು ಉಪ್ಪು ಸೇರಿಸಿ ಕುಟ್ಟಿ, ತುಪ್ಪ ಬಿಟ್ಟು ಮುಷ್ಟಿಯಲ್ಲಿ ಒತ್ತಿ ಉಂಡಿ ಮಾಡುವುದು. ನಮ್ಮದಕ್ಕೆ ಹಸಿಮೆಣಸಿನಕಾಯಿ ಆಮೇಲೆ ಬೀಳುತ್ತದೆ. ಆರಿದರೆ ಮುಟಗಿ ಗಟ್ಟಿಯಾಗುತ್ತದೆ, ಆದ್ದರಿಂದ ಡಬ್ಬಿಗೆ ಕಟ್ಟುವಾಗ ತುಪ್ಪ ಸ್ವಲ್ಪ ಜಾಸ್ತಿ ಬಿಡಿ. ಉಂಡಿ ಮಗುವಿನ ಮುಷ್ಟಿಯಷ್ಟೇ ಇರಲಿ. ಜೊತೆಗೆ ಸಣ್ಣ ಡಬ್ಬಿಯಲ್ಲಿ ಗಟ್ಟಿ ಮೊಸರು ಇಟ್ಟರೆ ಅದ್ದಿಕೊಂಡು ತಿನ್ನುತ್ತಾರೆ.