ಯಾವ ಎಣ್ಣೆ, ಮಿಸ್?

ನೀರಿನ ಮೇಲೆ ಎಣ್ಣೆಯ ಪೊರೆ ಹರಡುವುದನ್ನು ತೋರಿಸ್ತೀನಿ ಅಂದರೆ ಸಾಕು, ನನ್ನ ಟ್ಯೂಷನ್ ಹುಡುಗರು ಕಿಸಿಕಿಸಿ ನಗುತ್ತಾರೆ. "ಯಾವ ಎಣ್ಣೆ, ಮಿಸ್?" ಮಂಡ್ಯದಲ್ಲಿ ಈ ಪ್ರಶ್ನೆ ತಪ್ಪಲ್ಲ ಬಿಡಿ. ಈ ಪ್ರಯೋಗಕ್ಕೆ ಎರಡೂ ಬೇಕು, ಹರಳೆಣ್ಣೆಯೂ ಆಲ್ಕೋಹಾಲೂ.

ಕುಡಿಯುವುದಲ್ಲ. ಮೊಬೈಲ್ ರಿಪೇರಿಯವರು ಬೋರ್ಡ್ ಒರೆಸಲು ಇಟ್ಟುಕೊಳ್ಳುವ ಐಪಿಎ, ಅಂದರೆ ಐಸೋಪ್ರೊಪೈಲ್ ಆಲ್ಕೋಹಾಲ್. ಸ್ಯಾನಿಟೈಸರ್ ಬೇಡ, ಅದರಲ್ಲಿ ಗ್ಲಿಸರಿನ್ ಬೆರೆಸಿರುತ್ತಾರೆ. ಹರಳೆಣ್ಣೆಯೇ ಯಾಕೆ? ಆಲ್ಕೋಹಾಲಿನಲ್ಲಿ ಅದು ಸಲೀಸಾಗಿ ಕರಗುತ್ತದೆ. ದೇವರ ದೀಪ, ಒಲೆ ಹತ್ತಿರ ಇರಬಾರದು. ಕಿಟಕಿ ತೆಗೆದಿರಲಿ.

1 ಎಂ.ಎಲ್. ಹರಳೆಣ್ಣೆಗೆ 19 ಎಂ.ಎಲ್. ಐಪಿಎ ಹಾಕಿ ಕುಲುಕಿ. ಅದರಲ್ಲಿ 1 ಎಂ.ಎಲ್. ತೆಗೆದು ಮತ್ತೆ 19 ಎಂ.ಎಲ್. ಐಪಿಎಗೆ ಸೇರಿಸಿ. ಈಗ 400 ಪಾಲಿನಲ್ಲಿ ಒಂದು ಪಾಲು ಮಾತ್ರ ಎಣ್ಣೆ.

ಕೆಲಸ ಕೆಡುವುದು ನೀರು ತುಂಬುವ ಟ್ರೇಯಲ್ಲಿ. ಮೊದಲ ಸಲ ನಾನು ಹಪ್ಪಳ ಕರಿದು ಇಟ್ಟಿದ್ದ ಟ್ರೇಯನ್ನೇ ಸೋಪಿನಲ್ಲಿ ತೊಳೆದು ತಂದೆ. ಹನಿ ಬಿಟ್ಟರೂ ನೀರಿನ ಮೇಲೆ ಉದುರಿಸಿದ್ದ ಪೌಡರ್ ಅಲ್ಲಾಡಲೇ ಇಲ್ಲ. ಉಳಿದಿದ್ದ ಜಿಡ್ಡೋ ಸೋಪೋ, ನೀರಿನ ಮೇಲೆ ಆಗಲೇ ಪೊರೆ ಕಟ್ಟಿತ್ತು. ಈಗ ಕಪ್ಪು ಪ್ಲಾಸ್ಟಿಕ್ ಟ್ರೇ ಒಂದನ್ನು ಇದಕ್ಕೇ ಇಟ್ಟಿದ್ದೇನೆ. ಐಪಿಎಯಲ್ಲಿ ಒರೆಸಿ, ನಾಲ್ಕೈದು ಸಲ ನೀರು ಹಾಯಿಸುತ್ತೇನೆ. ನೀರಿಗೆ ಬೆರಳು ಅದ್ದುವಂತಿಲ್ಲ, ಬೆರಳಿನ ಜಿಡ್ಡೂ ಸಾಕು.

ಹಳೇ ಪಂಚೆ ತುಂಡಿನಲ್ಲಿ ಟಾಲ್ಕಂ ಪೌಡರ್ ಗಂಟು ಕಟ್ಟಿ, ನೀರಿನ ಮೇಲೆ ಮೆಲ್ಲಗೆ ತಟ್ಟಿ. ಮಂಜು ಕವಿದ ಹಾಗೆ ತೆಳ್ಳಗಿದ್ದರೆ ಸಾಕು. ಫ್ಯಾನ್ ಆಫ್ ಮಾಡಿ.

ಮೊದಲು ಎಣ್ಣೆ ಇಲ್ಲದ ಬರೀ ಐಪಿಎಯನ್ನು ಇನ್ಸುಲಿನ್ ಸೂಜಿಯಿಂದ ಒಂದು ಹನಿ ಬಿಡಿ. ಈ ಹೆಜ್ಜೆ ಬಿಡಬೇಡಿ. ಪೌಡರ್ ಫಟ್ ಅಂತ ಸುತ್ತಲೂ ಸರಿದು ಕಪ್ಪು ವೃತ್ತ ತೆರೆಯುತ್ತದೆ. ಹುಡುಗರು "ಹರಡ್ತು ಮಿಸ್!" ಅಂತ ಕೂಗುತ್ತಾರೆ. ಹರಡೋಕೆ ಅಲ್ಲಿ ಎಣ್ಣೆಯೇ ಇಲ್ಲ ಅಲ್ವಾ! ಹನಿ ಬಿದ್ದ ಕಡೆ ನೀರಿನ ಮೇಲ್ಮೈ ಎಳೆತ, ಅಂದರೆ ಮೇಲ್ಪದರ ತನ್ನನ್ನು ತಾನೇ ಬಿಗಿಯಾಗಿ ಎಳೆದುಕೊಳ್ಳುವ ಶಕ್ತಿ, ಕಡಿಮೆಯಾಯಿತು, ಸುತ್ತಲಿನ ನೀರು ಪೌಡರನ್ನು ತನ್ನ ಕಡೆ ಎಳೆದುಕೊಂಡಿತು, ಅಷ್ಟೇ. ಆಲ್ಕೋಹಾಲ್ ನೀರಿಗೆ ಸೇರುತ್ತಾ, ಆವಿಯಾಗುತ್ತಾ ಹೋದ ಹಾಗೆ ಅಂಚು ಅದುರುತ್ತಾ ಒಳಗೆ ಬರುತ್ತದೆ, ವೃತ್ತ ಮುಚ್ಚಿಕೊಳ್ಳುತ್ತದೆ.

ಈಗ ಎಣ್ಣೆ ಬೆರೆತ ಹನಿ. ಅದೇ ಫಟ್, ಆಮೇಲೆ ಅಂಚು ಸ್ವಲ್ಪ ಹಿಂದೆ ಬಂದು ನಿಲ್ಲುತ್ತದೆ. ಮುಚ್ಚುವುದಿಲ್ಲ. ಆಲ್ಕೋಹಾಲ್ ಹೋಯಿತು, ಹರಳೆಣ್ಣೆ ಉಳಿಯಿತು. ಅಳೆಯಬೇಕಾದದ್ದು ಈ ನಿಂತ ವೃತ್ತವನ್ನು. ಹನಿಯಲ್ಲಿದ್ದ ಎಣ್ಣೆಯ ಗಾತ್ರವನ್ನು ವೃತ್ತದ ವಿಸ್ತೀರ್ಣದಿಂದ ಭಾಗಿಸಿದರೆ ಪೊರೆಯ ದಪ್ಪ ಸಿಗುತ್ತದೆ, ಅದು ನ್ಯಾನೋಮೀಟರ್ (ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು) ಲೆಕ್ಕದ್ದು. ಅಮೆರಿಕದ ವಿಜ್ಞಾನಿ ಬೆಂಜಮಿನ್ ಫ್ರಾಂಕ್ಲಿನ್ ಲಂಡನ್ ಹತ್ತಿರದ ಕೊಳದಲ್ಲಿ ಒಂದು ಟೀ ಚಮಚದಷ್ಟು ಎಣ್ಣೆ ಬಿಟ್ಟು ಸುಮಾರು ಅರ್ಧ ಎಕರೆ ನೀರನ್ನು ಕನ್ನಡಿ ಮಾಡಿದ್ದನ್ನು 1774ರಲ್ಲಿ ಪ್ರಕಟಿಸಿದ. ನಮ್ಮ ಲೆಕ್ಕದಲ್ಲಿ 20 ಗುಂಟೆ ಗದ್ದೆ!

ಕೊನೆಗೆ ಟ್ರೇ ತೊಳೆದು, 1 ಲೀಟರ್ ನೀರಿಗೆ 100 ಎಂ.ಎಲ್. ಐಪಿಎ ಮೊದಲೇ ಬೆರೆಸಿ, ಮತ್ತೆ ಪೌಡರ್ ತಟ್ಟಿ, ಎಣ್ಣೆ ಬೆರೆತ ಅದೇ ಹನಿ ಬಿಡಿ. ನೀರಿನ ಎಳೆತ ಆಗಲೇ ಸೋತಿರುತ್ತದೆ. ಫಟ್ ಅನ್ನುವ ಆ ಜೋರು ಇರುವುದಿಲ್ಲ, ವೃತ್ತವೂ ಚಿಕ್ಕದು.