ಮಾತಿನ ಹಾಳೆ ಕೊಡದೆ ‘ಮಧ್ಯಮ ವ್ಯಾಯೋಗ’: ಶಿರಸಿ ಕಡೆಯ ಪ್ರಾಥಮಿಕ ಶಾಲೆಗಳಲ್ಲಿ

ಶಾಲೆಯಲ್ಲಿ ಸಂಸ್ಕೃತ ನಾಟಕ ಆಡಿಸುವುದು ಅಂದರೆ ಎಲ್ಲರೂ ಮೊದಲು ಕೈ ಹಾಕುವುದು ‘ಶಾಕುಂತಲ’ಕ್ಕೆ. ಏಳು ಅಂಕ, ಉದ್ದದ ವಿರಹ. ನಾಲ್ಕನೇ ತರಗತಿಗೆ ಅದು ರುಚಿಸುವುದಿಲ್ಲ. ಭಾಸನ ‘ಮಧ್ಯಮ ವ್ಯಾಯೋಗ’ ಒಂದೇ ಅಂಕದ್ದು. ಕಾಡುದಾರಿಯಲ್ಲಿ ಬ್ರಾಹ್ಮಣ ದಂಪತಿ, ಮೂವರು ಗಂಡುಮಕ್ಕಳು, ತಾಯಿ ಹಿಡಿಂಬೆಯ ಪಾರಣೆಗೆ, ಅಂದರೆ ಉಪವಾಸ ಮುರಿಯುವ ಊಟಕ್ಕೆ, ಒಬ್ಬನನ್ನು ಕೊಡಿ ಎಂದು ಅಡ್ಡಗಟ್ಟುವ ಘಟೋತ್ಕಚ, ಆಮೇಲೆ ಭೀಮ. ಸೂತ್ರಧಾರನೂ ಸೇರಿ ಒಂಬತ್ತು ಪಾತ್ರ. ಮೂವತ್ತು ಮಕ್ಕಳಿದ್ದರೆ ಉಳಿದವರು ಕಾಡು, ಹಿಮ್ಮೇಳ, ತೆರೆ ಹಿಡಿಯುವವರು.

ಮೊದಲ ಮೂರು ದಿನ ಮಾತಿನ ಹಾಳೆ ಕೊಡುವುದೇ ಇಲ್ಲ. ಕೊಟ್ಟರೆ ಮಗು ಉರುಹೊಡೆದು ಬರುತ್ತದೆ, ಎದುರಿನವರ ಮಾತು ಕೇಳಿಸಿಕೊಳ್ಳದೆ ತನ್ನ ಸರದಿ ಕಾಯುತ್ತ ನಿಲ್ಲುತ್ತದೆ. ನಮ್ಮ ಕಡೆಗೆ ತಾಳಮದ್ದಳೆಯ, ಅಂದರೆ ವೇಷ ಕುಣಿತವಿಲ್ಲದೆ ಕೂತು ಮಾತಾಡುವ ಯಕ್ಷಗಾನದ, ಕ್ರಮವೇ ಸಾಕು. ಸನ್ನಿವೇಶವನ್ನು ಎರಡು ಸಾಲಿನಲ್ಲಿ ಹಾಡಿಯೋ ಹೇಳಿಯೋ ಬಿಟ್ಟರೆ ಮಕ್ಕಳು ‘ಅರ್ಥ’ ಹೇಳುತ್ತಾರೆ, ಪಾತ್ರದ ಮಾತನ್ನು ಅಲ್ಲೇ ಕಟ್ಟಿ ಆಡುತ್ತಾರೆ. ಹವ್ಯಕವೋ ಕೊಂಕಣಿಯೋ, ಮನೆಮಾತು ಯಾವುದಾದರೂ ಸರಿ. ಚೆಂದದ ಮಾತು ಬಂದಾಗಲೆಲ್ಲ ಹಲಗೆಯ ಮೇಲೆ ಬರೆದಿಡಬೇಕು. ನಾಲ್ಕನೇ ದಿನ ನಾಟಕದ ಕನ್ನಡ ಅನುವಾದವನ್ನು ಅದರ ಪಕ್ಕ ಇಡುತ್ತೇವೆ. ಯಾವುದು ಬಿಗಿ ಎಂದು ಮಕ್ಕಳೇ ಆರಿಸಲಿ. ಹೆಚ್ಚಾಗಿ ಭಾಸನೇ ಗೆಲ್ಲುತ್ತಾನೆ, ಅವನ ಮಾತು ಚಿಕ್ಕದು.

ನಾಟಕ ತಿರುಗುವುದು ಒಂದು ಕೂಗಿನ ಮೇಲೆ. ನೀರು ಕುಡಿಯಲು ಹೋದ ನಡುವಿನ ಮಗ ತಡಮಾಡುತ್ತಾನೆ; ಘಟೋತ್ಕಚ ‘ಮಧ್ಯಮಾ’ ಎಂದು ಕರೆದರೆ, ಕುಂತಿಯ ಮಕ್ಕಳಲ್ಲಿ ನಡುವಿನವನಾದ ಭೀಮ ಬರುತ್ತಾನೆ. ಈ ಕೂಗಿಗೇ ಒಂದು ಪೀರಿಯಡ್ ಇಡಬೇಕು. ಒಂದು ಮಗು ಬೆನ್ನು ತಿರುಗಿಸಿ ನಿಲ್ಲಲಿ, 5, 10, 20 ಮೀಟರಿನಿಂದ ಉಳಿದವರು ಕರೆಯಲಿ. ಮೂರು ಅಕ್ಷರವೂ ಕೇಳಿದರೆ ಮಾತ್ರ ಆ ಮಗು ಕೈ ಎತ್ತಬೇಕು. ಕೊನೆಯ ‘ಮಾ’ ಹೂತುಹೋಗುವುದು ಸಾಮಾನ್ಯ. ಉಸಿರೆಲ್ಲ ಮೊದಲ ಅಕ್ಷರಕ್ಕೇ ಮುಗಿದಿರುತ್ತದೆ. ಯಕ್ಷಗಾನದ ಬಣ್ಣದ ವೇಷದ, ಅಂದರೆ ರಾಕ್ಷಸ ಪಾತ್ರದ, ಆರ್ಭಟ ನೋಡಿದ ಮಕ್ಕಳು ಗಂಟಲಿನಿಂದಲೇ ಕೂಗುತ್ತಾರೆ, ಮರುದಿನ ಗಂಟಲು ಕಟ್ಟಿರುತ್ತದೆ. ಹೊಟ್ಟೆಯ ಮೇಲೆ ಕೈ ಇಡಿಸಿ. ಒಬ್ಬರಿಗೆ ಐದು ಕೂಗು ಸಾಕು. ಜುಲೈನಲ್ಲಿ ತಗಡಿನ ಮಾಡಿನಡಿ ಇದನ್ನು ಮಾಡಲೇಬೇಡಿ, ಮಳೆಯ ಜೊತೆ ಪಂಥಕ್ಕೆ ಬೀಳುತ್ತಾರೆ. ಅಂಥ ದಿನ ಮೂಕಾಭಿನಯ.

ಹಿರಿಯನನ್ನು ಬಿಡಲಾರೆ ಎನ್ನುವ ಅಪ್ಪ, ಕಿರಿಯನನ್ನು ಬಿಡಲಾರೆ ಎನ್ನುವ ಅಮ್ಮ. ಇಲ್ಲಿ ಆಟ ನಿಲ್ಲಿಸಿ, ಆ ಪಾತ್ರಗಳನ್ನು ಕುರ್ಚಿಯಲ್ಲಿ ಕೂರಿಸಿ ಉಳಿದವರಿಂದ ಪ್ರಶ್ನೆ ಕೇಳಿಸಬೇಕು. ಪ್ರಶ್ನೆ ಪಾತ್ರಕ್ಕೆ ಮಾತ್ರ. ‘ನಿಮ್ಮನೆಯಲ್ಲಿ ಯಾರನ್ನು ಕೊಡುತ್ತಿದ್ದರು?’ ಎಂದು ಕೇಳುವ ಹುಮ್ಮಸ್ಸು ದೊಡ್ಡವರಿಗೆ ಬಂದೇ ಬರುತ್ತದೆ. ಬೇಡ. ಮನೆಯಲ್ಲಿ ನಡುವಿನವರಾದ ಮಕ್ಕಳು ಬಾಯಿ ಮುಚ್ಚಿಬಿಡುತ್ತಾರೆ.

ಕಾಳಗದಲ್ಲಿ ಮರ, ಬಂಡೆ, ಮಾಯಾಪಾಶ ಎಲ್ಲವೂ ಉಂಟು. ಕೋಲು ಮಾತ್ರ ಬೇಡ. ಇಬ್ಬರ ನಡುವೆ ಎರಡು ತೋಳಿನ ಅಂತರ, ನೆಲದಲ್ಲಿ ಸೀಮೆಸುಣ್ಣದ ಗೆರೆ. ಎಂಟು ಎಣಿಕೆಗೆ ಒಂದು ಹೊಡೆತ, ಸದ್ದು ಹಿಮ್ಮೇಳದವರದು, ಡೆಸ್ಕಿನ ಮೇಲೆ. ಪೆಟ್ಟು ತಿನ್ನುವ ಮಗುವೇ ಮೊದಲು ಚಲಿಸಬೇಕು, ಹೊಡೆಯುವ ಮಗು ಅದನ್ನು ನೋಡಿ ಕೈ ಬೀಸಬೇಕು. ತಿರುವುಮುರುವಾದರೆ ನಿಜವಾಗಿಯೇ ಬೀಳುತ್ತದೆ. ಹಾಗಾಗಿ ಘಟೋತ್ಕಚನಿಗೆ ತರಗತಿಯ ದಾಂಡಿಗ ಹುಡುಗನನ್ನು ಹುಡುಕಬೇಕಾಗಿಲ್ಲ. ಎಣಿಕೆ ತಪ್ಪದ ಹುಡುಗಿ ಸಿಕ್ಕರೆ ಅವಳಿಗೇ ಕೊಡಿ.